ಗೆಲ್ಲೋಕೆ ಮದ್ದು ಬೇಡ

ಮದ್ದೂರಿನ ಕಡೆ ಹೆಣ್ಣು ಮಕ್ಕಳೂ ಓಟಕ್ಕೆ, ಕಬಡ್ಡಿಗೆ ಹೋಗ್ತಾರೆ. ನೋಡೋಕೆ ಸಂತೋಷ. ಶಕ್ತಿ ಬರುತ್ತೆ ಅಂತ ಯಾರೋ ಮಗಳಿಗೆ ಪುಡಿ ಕೊಟ್ಟರೆ? ಈ ಕತೆ ಓದಿ.

ಅಶ್ವಿನಿ ಅಕ್ಕುಂಜಿ ಉಡುಪಿ ಜಿಲ್ಲೆಯ ರೈತರ ಮಗಳು. 2010ರಲ್ಲಿ ಚೀನಾದಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಅಶ್ವಿನಿ ಓಡಿ ಎರಡು ಚಿನ್ನ ಗೆದ್ದರು. 2011ರಲ್ಲಿ ಅವರ ಮೂತ್ರ ಪರೀಕ್ಷೆ ಮಾಡಿದರು. ಮೈ ಬೆಳೆಸುವ ಸ್ಟೀರಾಯ್ಡ್ ಮದ್ದು ಸಿಕ್ಕಿತು. ಕೋಚ್ ಕೊಟ್ಟ ಬೇರಿನ ಔಷಧಿ ತಿಂದೆ, ಅದರಲ್ಲಿ ಮದ್ದಿದ್ದದ್ದು ಗೊತ್ತಿರಲಿಲ್ಲ ಅಂತ ಅವರು ಹೇಳಿದರು. ಆದರೂ ಕೊನೆಗೆ ಎರಡು ವರ್ಷ ಆಟ ನಿಂತಿತು. ತಿಂದವರದೇ ಹೊಣೆ. ಇದು ಆಟದ ಕಾನೂನು.

ಮದ್ದು ತಿಂದವರೆಲ್ಲ ಸಿಕ್ಕಿ ಬೀಳ್ತಾರಾ? ಇಲ್ಲ. ಕೆಲವು ಮದ್ದು ಬೇಗ ಮೈಯಿಂದ ಹೋಗುತ್ತೆ. ಪರೀಕ್ಷೆ ದಿನಾ ನಡೆಯೋದಿಲ್ಲ. ಫುಟ್‌ಬಾಲ್ ಆಟಗಾರ ಮರಡೋನಾ 1994ರ ವಿಶ್ವಕಪ್‌ನಲ್ಲೇ ಸಿಕ್ಕಿಬಿದ್ದರು. ಆದರೆ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಮದ್ದು ತಗೊಂಡು ಫ್ರಾನ್ಸಿನ ದೊಡ್ಡ ಸೈಕಲ್ ಪಂದ್ಯವನ್ನು ಏಳು ಸಲ ಗೆದ್ದರು. ಜೊತೆಯವರು ಬಾಯಿ ಬಿಟ್ಟರು. 2012ರಲ್ಲಿ ಏಳೂ ಗೆಲುವು ಹೋಯಿತು. ಈಗ ಮೂತ್ರವನ್ನು ಹತ್ತು ವರ್ಷ ಕಾಯ್ದಿಟ್ಟು ಮತ್ತೆ ಪರೀಕ್ಷೆ ಮಾಡಬಹುದು.

ಪರೀಕ್ಷೆಯಿಂದ ತಪ್ಪಿಸಿಕೊಂಡರೂ ಮೈ ಬಿಡೋದಿಲ್ಲ. ಇಂಥ ಸ್ಟೀರಾಯ್ಡ್ ತಿಂದ ಹೆಣ್ಣಿಗೆ ಮುಖದಲ್ಲಿ ಕೂದಲು ಬರಬಹುದು. ದನಿ ಗಡಸಾಗಬಹುದು. ಮುಟ್ಟು ನಿಲ್ಲಬಹುದು. ಲಿವರ್ ಕೆಡಬಹುದು.

ಮಗಳಿಗೆ ರಾಗಿ ಮುದ್ದೆ, ಕಾಳು, ಸೊಪ್ಪು, ಮೊಟ್ಟೆ, ಹಾಲು ಕೊಡಿ. ಗೊತ್ತಿಲ್ಲದ ಪುಡಿ, ಮಾತ್ರೆ, ಸೂಜಿ ಬೇಡ. ಇದರಲ್ಲಿ ಏನಿದೆ ಅಂತ ಕೇಳಿ. ಡಬ್ಬಿ ಮೇಲಿನ ಅಕ್ಷರ ಓದಿ. ಡಾಕ್ಟರಿಗೂ ತೋರಿಸಿ. ಪದಕ ಬಾರದಿದ್ದರೂ ಚಿಂತೆಯಿಲ್ಲ. ಮಗಳು ಚೆನ್ನಾಗಿರಲಿ.