ಬಿಸಿಲಿಗೆ ಮಾಸದ, ನೀರಿಗೆ ಬಿಟ್ಟುಕೊಡುವ ಬಣ್ಣ

ಫೋಟೊ ಎಂದರೆ ಬೆಳ್ಳಿಯ ಲವಣ ಬಳಿದ ಕಾಗದ ಅಥವಾ ಇಂಕ್‌ಜೆಟ್ ಪ್ರಿಂಟರು ನೆನಪಾಗುವುದು ಸಹಜ. ಇವೆರಡರ ಹಂಗೂ ಇಲ್ಲದೆ, ಗೋಂದು ಮತ್ತು ಚಿತ್ರಕಾರರ ಬಣ್ಣದಲ್ಲೇ ಫೋಟೊ ಮೂಡಿಸುವ ಕಲೆಯೊಂದಿದೆ. ಅದೇ ಗಮ್ ಬೈಕ್ರೋಮೇಟ್ ಮುದ್ರಣ.

ವಿಧಾನ ಸರಳ. ಅಕೇಶಿಯ ಜಾತಿಯ ಮರದ ಗೋಂದನ್ನು ನೀರಿನಲ್ಲಿ ಕರಗಿಸಿ, ಪೊಟ್ಯಾಸಿಯಂ ಅಥವಾ ಅಮೋನಿಯಂ ಡೈಕ್ರೋಮೇಟ್ ದ್ರಾವಣ ಬೆರೆಸಿ, ವಾಟರ್‌ಕಲರ್ ಬಣ್ಣ ಕಲಸಿ ಕಾಗದಕ್ಕೆ ತೆಳ್ಳಗೆ ಸವರುತ್ತಾರೆ. ಒಣಗಿದ ಮೇಲೆ ಚಿತ್ರದಷ್ಟೇ ದೊಡ್ಡ ನೆಗೆಟಿವ್ ಹೊದಿಸಿ ಬಿಸಿಲಿಗೆ ಒಡ್ಡುತ್ತಾರೆ. ಬೆಳಕು ಬಿದ್ದಲ್ಲಿ ಗೋಂದು ಗಟ್ಟಿಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಬೀಳದಲ್ಲಿ ಬರಿಯ ನೀರಿಗೇ ಕರಗಿ ಹೋಗುತ್ತದೆ.

ಬಣ್ಣದ ಆಯ್ಕೆಯ ಕಷ್ಟ ಇಲ್ಲಿಂದಲೇ ಶುರು. ಗಟ್ಟಿಯಾಗದ ಕಡೆ ಅದು ಕಾಗದವನ್ನು ಪೂರ್ತಿ ಬಿಟ್ಟು ಹೋಗಬೇಕು. ಉಳಿದ ಕಡೆ ವರ್ಷಗಟ್ಟಲೆ ಮಾಸದೆ ನಿಲ್ಲಬೇಕು. ಒಂದರಲ್ಲಿ ಗೆದ್ದ ಬಣ್ಣ ಇನ್ನೊಂದರಲ್ಲಿ ಗೆಲ್ಲುತ್ತದೆಂಬ ಭರವಸೆಯಿಲ್ಲ.

ಮಾಸುವ ಭಯದಿಂದ ಹುಟ್ಟಿದ್ದು

1850ರ ದಶಕದಲ್ಲಿ ಬೆಳ್ಳಿಯ ಫೋಟೊಗಳು ಕೆಲವೇ ವರ್ಷಗಳಲ್ಲಿ ಮಂಕಾಗುತ್ತಿದ್ದವು. ಮಾಸದ ಮುದ್ರಣ ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ 1856ರಲ್ಲಿ ಫ್ರಾನ್ಸಿನ ಲ್ಯೂಯಿನ್ ಡ್ಯೂಕ್ ಘೋಷಿಸಿದ. ಅದಕ್ಕೂ ಒಂದು ವರ್ಷ ಮೊದಲೇ ಅಲ್ಫೋನ್ಸ್ ಪ್ವಾತೆವಾಂ ಡೈಕ್ರೋಮೇಟಿನೊಂದಿಗೆ ಬಣ್ಣ ಬೆರೆಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. 1858ರಲ್ಲಿ ಜಾನ್ ಪೌನ್ಸಿ ಲಂಡನ್ನಿನಲ್ಲಿ ಗಮ್ ಮುದ್ರಣಗಳನ್ನು ಪ್ರದರ್ಶಿಸಿದ. ಶತಮಾನದ ಕೊನೆಗೆ ಪ್ಯಾರಿಸಿನ ರೋಬೆರ್ ದಮಾಶಿ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಹೈನ್ರಿಷ್ ಕ್ಯೂನ್ ಅದನ್ನು ಕಲಾವಿದರ ಮಾಧ್ಯಮವಾಗಿಸಿದರು. ಪ್ಲಾಟಿನಂ ಮುದ್ರಣದ ಮೇಲೆ ಗಮ್ ಪದರ ಕೊಟ್ಟು ಎಡ್ವರ್ಡ್ ಸ್ಟೈಕನ್ 1904ರಲ್ಲಿ ಮಾಡಿದ ಬೆಳದಿಂಗಳ ಕೊಳದ ಚಿತ್ರ 2006ರ ಹರಾಜಿನಲ್ಲಿ 29 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಇಂಥ ಕಲೆಗೆ ಮಾಸುವ ಬಣ್ಣ ಬಳಸಿದರೆ ಅದರ ಮೂಲ ಉದ್ದೇಶವೇ ಕೆಟ್ಟಂತೆ.

ಹೆಸರು ಬಿಡಿ, ಸಂಕೇತ ನೋಡಿ

ಟ್ಯೂಬಿನ ಮೇಲಿನ ಆಕರ್ಷಕ ಹೆಸರನ್ನು ನಂಬುವಂತಿಲ್ಲ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ವರ್ಣದ್ರವ್ಯ ತುಂಬುತ್ತವೆ. ನೋಡಬೇಕಾದ್ದು ಸಣ್ಣ ಅಕ್ಷರದ ಸಂಕೇತ. ಪಿಆರ್ 83 ಎಂದಿದ್ದರೆ ಅದು ಅಸಲಿ ಅಲಿಜರಿನ್ ಕ್ರಿಮ್ಸನ್: ಚೆಲುವಾದ ಕೆಂಪು, ಆದರೆ ಬೆಳಕಿಗೆ ಬಾಳದು. ಅದರ ಜಾಗಕ್ಕೆ ಪಿವಿ 19, ಅಂದರೆ ಕ್ವಿನಾಕ್ರಿಡೋನ್ ಗುಲಾಬಿ, ಭರವಸೆಯ ಬಣ್ಣ. ನೀಲಿಗೆ ಪಿಬಿ 15:3, ಅಂದರೆ ಥ್ಯಾಲೊ ನೀಲಿ, ಹಳದಿಗೆ ಪಿವೈ 150 ಅಥವಾ 154. ಈ ಮೂರೂ ಇದ್ದರೆ ಮೂರು ನೆಗೆಟಿವ್‌ಗಳಿಂದ ಪದರ ಪದರವಾಗಿ ಪೂರ್ಣ ಬಣ್ಣದ ಚಿತ್ರ ಮುದ್ರಿಸಬಹುದು. ನೀಲಿಯ ಬಗ್ಗೆ ಮಾತ್ರ ಎಚ್ಚರ. ಅದರ ಬಣ್ಣ ಕಟ್ಟುವ ಶಕ್ತಿ ಅಪಾರ. ಪಲ್ಯಕ್ಕೆ ಇಂಗು ಹಾಕುವ ಹಾಗೆ ಚಿಟಿಕೆಯಷ್ಟೇ ಸಾಕು.

ಕಾಗದವೂ ಪಾಲುದಾರ

ಬಣ್ಣ ಚೊಕ್ಕವಾಗಿ ಬಿಡುತ್ತದೋ ಇಲ್ಲವೋ ಎಂಬುದನ್ನು ಯಾವ ಸಂಕೇತವೂ ಹೇಳದು. ಕಾಗದಕ್ಕೆ ಕಲೆ ಕೂರಿಸುತ್ತದೆಂದು ಜಲವರ್ಣ ಕಲಾವಿದರು ಹೇಳುವ ಥ್ಯಾಲೊ ನೀಲಿಯೇ ಗಮ್‌ನಲ್ಲಿ ಸ್ವಚ್ಛವಾಗಿ ತೊಳೆದು ಹೋಗಬಲ್ಲದು, ಏಕೆಂದರೆ ಗೋಂದು ಅದರ ಕಣಗಳನ್ನು ಸುತ್ತುವರಿದಿರುತ್ತದೆ. ಗೋಂದಿಗೆ ಹೋಲಿಸಿದರೆ ಬಣ್ಣ ಹೆಚ್ಚಾದಾಗ, ಕಾಗದಕ್ಕೆ ಜೆಲಾಟಿನ್ ಲೇಪ ಸರಿಯಾಗಿ ಕೂರದಾಗ ಒಳ್ಳೆಯ ಬಣ್ಣವೂ ಕಲೆ ಬಿಡುತ್ತದೆ. ನಮ್ಮ ಕರಾವಳಿಯ ಮಳೆಗಾಲದಂಥ ತೇವ ಮತ್ತು ಸೆಖೆಯಲ್ಲಿ ಸವರಿದ ಪದರ ಕತ್ತಲಲ್ಲೂ ತಾನಾಗಿ ಗಟ್ಟಿಯಾಗುತ್ತದೆ. ಆಗ ತಪ್ಪು ಬಣ್ಣದ್ದಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಮುದ್ರಿಸಲಿರುವ ಕಾಗದದ ತುಂಡಿಗೇ ಮಿಶ್ರಣ ಸವರಿ, ಒಣಗಿಸಿ, ಬೆಳಕು ತಾಕಿಸದೆ ನೀರಿನಲ್ಲಿ ಕವುಚಿ ತೇಲಿಬಿಡಬೇಕು. ಅರ್ಧ ಗಂಟೆಯಲ್ಲಿ ಕಾಗದ ಬೆಳ್ಳಗಾದರೆ ಮೊದಲ ಪರೀಕ್ಷೆ ಪಾಸು. ಎರಡನೆಯದಕ್ಕೆ ಬಣ್ಣದ ಪಟ್ಟಿಯೊಂದರ ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಕೆಲವು ತಿಂಗಳು ಅಂಟಿಸಿಡಬೇಕು. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ, ಕೈಗವಸು ಕಡ್ಡಾಯ, ಉಳಿದ ದ್ರಾವಣವನ್ನು ಚರಂಡಿಗೆ ಸುರಿಯಕೂಡದು.

ಹೊಸಬರು ಅಂಗಡಿಯ ಇಡೀ ಬಣ್ಣದ ಸೆಟ್ ಕೊಳ್ಳಬೇಕಿಲ್ಲ. ಒಂದೇ ವರ್ಣದ್ರವ್ಯವಿರುವ ಮೂರು ಟ್ಯೂಬು ತಂದು, ಎರಡೂ ಪರೀಕ್ಷೆ ದಾಟಿಸಿ, ತಮ್ಮ ಕಾಗದಕ್ಕೆ ಹೊಂದುವ ಪ್ರಮಾಣ ಬರೆದಿಟ್ಟುಕೊಂಡರೆ ಅಷ್ಟರಿಂದಲೇ ಪೂರ್ಣ ಬಣ್ಣದ ಮುದ್ರಣಕ್ಕೆ ಇಳಿಯಬಹುದು.