ಕೆರೆಯ ಉಸಿರಿನ ಲೆಕ್ಕ

ಸಂಜೆ ಗಾರ್ಮೆಂಟ್ಸ್ ಕಾರ್ಖಾನೆಗಳು ಬಿಡುವ ಹೊತ್ತಿನಲ್ಲಿ ಬೊಮ್ಮನಹಳ್ಳಿಯ ಹೊಸೂರು ರಸ್ತೆಯಂಚಿಗೆ ಬಂದು ಬಸ್ಸು ಕಾಯುವ ಸಹಸ್ರಾರು ಜನರ ಮನಸ್ಸಿನಲ್ಲಿ, ತಾವು ನಿಂತಿರುವ ನೆಲ ಯಾವ ದಿಕ್ಕಿಗೆ ಇಳಿಜಾರಾಗಿದೆಯೆಂಬ ಪ್ರಶ್ನೆ, ಬಿರುಮಳೆ ಸುರಿದ ದಿನವನ್ನು ಬಿಟ್ಟರೆ, ಹುಟ್ಟುವುದೇ ವಿರಳ. ಆದರೆ ಈ ಪ್ರದೇಶದ ನೀರಿನ ಚರಿತ್ರೆಯೆಲ್ಲ ಆ ಇಳಿಜಾರಿನಲ್ಲಿ ಅಡಗಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಬೆಂಗಳೂರಿಗೆ ತನ್ನದೆಂದು ಹೇಳಿಕೊಳ್ಳುವ ಮಹಾನದಿಯಿಲ್ಲ. ಇಲ್ಲಿ ಬಿದ್ದ ಮಳೆ ಹೆಬ್ಬಾಳ, ವೃಷಭಾವತಿ, ಕೋರಮಂಗಲ–ಚಲ್ಲಘಟ್ಟವೆಂಬ ಮೂರು ಕಣಿವೆಗಳನ್ನು ಹಿಡಿದು ಊರು ಬಿಟ್ಟು ಹೋಗುತ್ತದೆ. ಹೀಗೆ ಹೋಗುವ ನೀರನ್ನು ಹಂತಹಂತವಾಗಿ ತಡೆದು, ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಮುಂದಿನ ಕೆರೆಗೆ ಸೇರುವಂತೆ ಏರಿ ಕಟ್ಟಿದ ನಮ್ಮ ಪೂರ್ವಿಕರ ಏರ್ಪಾಟಿನಲ್ಲಿ, ಹುಳಿಮಾವಿನ ನೀರು ಮಡಿವಾಳದ ಕೆರೆಗೂ, ಮಡಿವಾಳದ್ದು ಅಗರಕ್ಕೂ, ಅಗರದ್ದು ಬೆಳ್ಳಂದೂರಿಗೂ, ಅಲ್ಲಿಂದ ವರ್ತೂರನ್ನು ಹಾಯ್ದು ದಕ್ಷಿಣ ಪಿನಾಕಿನಿಗೂ ಸಲ್ಲುತ್ತಿತ್ತು. ಇಂದಿಗೂ ಸಲ್ಲುತ್ತದೆ, ಆದರೆ ಮಳೆನೀರಿನೊಡನೆ ಲಕ್ಷಾಂತರ ಮನೆಗಳ ಕೊಳಚೆಯನ್ನೂ ಹೊತ್ತುಕೊಂಡು.

ಈ ಸರಣಿಯ ನಡುವೆ ಇರುವ ಮಡಿವಾಳದ ಕೆರೆಯನ್ನೇ ತೆಗೆದುಕೊಳ್ಳೋಣ. ಎರಡೂವರೆ ನೂರು ಎಕರೆಗೂ ಮಿಕ್ಕಿದ ವಿಸ್ತಾರ, ಹೆಜ್ಜಾರ್ಲೆಗಳು ಬಂದಿಳಿಯುವ ನೀರು, ಜೊಂಡು ಬೆಳೆದ ಅಂಚು. ಇದರ ಯೋಗಕ್ಷೇಮವನ್ನು ಅಳೆಯಬೇಕೆಂದರೆ ಏನನ್ನು ಅಳೆಯಬೇಕು? ವಿಸ್ತೀರ್ಣವನ್ನು ಸರ್ವೆಯವರು ಅಳೆದುಕೊಡಬಲ್ಲರು, ಹೂಳನ್ನು ಎಂಜಿನಿಯರರು ಘನಮೀಟರುಗಳಲ್ಲಿ ಲೆಕ್ಕ ಹಾಕಬಲ್ಲರು. ಇವೆರಡೂ ಗೊತ್ತಾದ ಮೇಲೂ ಕೆರೆ ಬದುಕಿದೆಯೋ ಸಾಯುತ್ತಿದೆಯೋ ಎಂಬುದು ತಿಳಿಯದೆ ಉಳಿಯುತ್ತದೆ. ಏಕೆಂದರೆ ಕೆರೆ ಸಂಕೀರ್ಣವಾದುದು, ಮತ್ತು ಸಂಕೀರ್ಣವೆಂದರೆ ಕೇವಲ ಬಹಳ ಭಾಗಗಳುಳ್ಳದ್ದೆಂದು ಅರ್ಥವಲ್ಲ. ಕಾರ್ಖಾನೆಯ ಹೊಲಿಗೆ ಯಂತ್ರದಲ್ಲಿಯೂ ಬಿಡಿಭಾಗಗಳು ಬೇಕಾದಷ್ಟುಂಟು. ಆದರೆ ಸೂಜಿಯನ್ನು ಬದಲಾಯಿಸಿದ ಮಾತ್ರಕ್ಕೆ ಬಾಬಿನ್ನು ತನ್ನ ಸ್ವಭಾವವನ್ನು ಬದಲಾಯಿಸಿಕೊಳ್ಳುವುದಿಲ್ಲ. ಕೆರೆಯಲ್ಲಾದರೋ ಪಾಚಿ ಹೆಚ್ಚಿದರೆ ಬೆಳಕು ತಗ್ಗುತ್ತದೆ, ಬೆಳಕು ತಗ್ಗಿದರೆ ತಳದ ಜಲಸಸ್ಯ ಸಾಯುತ್ತದೆ, ಸಸ್ಯ ಸತ್ತರೆ ಅದರ ಮರೆಯಲ್ಲಿದ್ದು ಪಾಚಿಯನ್ನು ಮೇಯುತ್ತಿದ್ದ ಸೂಕ್ಷ್ಮಜೀವಿಗಳಿಗೆ ನೆಲೆ ತಪ್ಪುತ್ತದೆ, ಅವು ಹೋದಮೇಲೆ ಪಾಚಿ ಇನ್ನಷ್ಟು ಹೆಚ್ಚುತ್ತದೆ. ಹೀಗೆ ಕಾರ್ಯವೇ ತಿರುಗಿ ಬಂದು ಕಾರಣವಾಗುವ ಈ ಸುತ್ತುಬಳಸಿನ ಸಂಬಂಧವೇ ಸಂಕೀರ್ಣತೆಯ ಲಕ್ಷಣ.

ಇದನ್ನು ಕಣ್ಣಾರೆ ಕಾಣಬೇಕಾದರೆ ನೀರಿನಲ್ಲಿ ಕರಗಿರುವ ಆಮ್ಲಜನಕದ ಪರೀಕ್ಷೆಯೊಂದೇ ಸಾಕು. ಹಂಗೇರಿ ದೇಶದ ರಸಾಯನಶಾಸ್ತ್ರಜ್ಞ ಲಾಯೋಶ್ ವಿಂಕ್ಲರನು 1888ರಲ್ಲಿ ಹೇಳಿಕೊಟ್ಟ ಈ ವಿಧಾನ ಇಂದಿಗೂ ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ನಡೆದಿದೆ. ಗಾಜಿನ ಬಿರಡೆಯ ಸೀಸೆಯೊಂದನ್ನು ಒಂದು ಗಾಳಿಗುಳ್ಳೆಯೂ ಉಳಿಯದಂತೆ ಕೆರೆಯ ನೀರಿನಿಂದ ತುಂಬಿ, ಅದಕ್ಕೆ ಮ್ಯಾಂಗನೀಸ್ ಸಲ್ಫೇಟಿನ ದ್ರಾವಣವನ್ನೂ ಅಯೋಡೈಡು ಬೆರೆತ ಕ್ಷಾರವನ್ನೂ ಸೇರಿಸಿ ಬಿರಡೆ ಮುಚ್ಚಿ ತಲೆಕೆಳಗು ಮಾಡಿದರೆ, ನೀರಿನಲ್ಲಿ ಆಮ್ಲಜನಕವಿದ್ದ ಪಕ್ಷದಲ್ಲಿ ಕಂದು ಬಣ್ಣದ ಗಷ್ಟು ಮೋಡದಂತೆ ಇಳಿಯುತ್ತದೆ. ಇಲ್ಲದಿದ್ದರೆ ಗಷ್ಟು ಬಿಳಿಯಾಗಿಯೇ ಉಳಿಯುತ್ತದೆ. ಆಮೇಲೆ ಆಮ್ಲ ಹಾಕಿ ಅದನ್ನು ಕರಗಿಸಿದಾಗ ಬಿಡುಗಡೆಯಾಗುವ ಹಳದಿಯ ಅಯೋಡಿನ್ನಿಗೆ ಗಂಜಿ ಬೆರೆಸಿ ನೀಲಿಯಾಗಿಸಿ, ಬ್ಯೂರೆಟ್ಟಿನಿಂದ ಹನಿಹನಿಯಾಗಿ ಸೋಡಿಯಂ ಥಯೋಸಲ್ಫೇಟನ್ನು ಬಿಡುತ್ತ ನೀಲಿ ಪೂರ್ತಿ ಮಾಯವಾಗುವ ಕ್ಷಣದಲ್ಲಿ ನಿಲ್ಲಿಸಬೇಕು. ದ್ರಾವಣದ ಬಲವನ್ನು ಸರಿಯಾಗಿ ಇಟ್ಟುಕೊಂಡು 200 ಮಿಲಿಲೀಟರ್ ನೀರನ್ನು ಪರೀಕ್ಷೆಗೆ ತೆಗೆದುಕೊಂಡರೆ, ಖರ್ಚಾದ ಥಯೋಸಲ್ಫೇಟಿನ ಒಂದೊಂದು ಮಿಲಿಲೀಟರೂ ಕೆರೆಯ ಒಂದು ಲೀಟರ್ ನೀರಿನಲ್ಲಿರುವ ಒಂದು ಮಿಲಿಗ್ರಾಂ ಆಮ್ಲಜನಕಕ್ಕೆ ಸಮ. ಇಷ್ಟು ಸರಳವೂ ನಿರ್ದುಷ್ಟವೂ ಆದ ಮಾಪನ ವಿಜ್ಞಾನದಲ್ಲಿ ಹೆಚ್ಚಿಲ್ಲವೆಂದು ನನ್ನ ಭಾವನೆ.

ಮೀನು ಮತ್ತು ವನ್ಯಜೀವಿಗಳ ಬಾಳುವೆಗೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ವಿಧಿಸುತ್ತದೆ. ಆದರೆ ಕೊಳಚೆ ಉಂಡು ಹಸಿರುಗಟ್ಟಿದ ಕೆರೆಯಲ್ಲಿ ಈ ಅಂಕಿ ಯಾವ ಗಳಿಗೆಯದು? ಬಿಸಿಲಿನಲ್ಲಿ ಪಾಚಿ ಆಮ್ಲಜನಕವನ್ನು ಉತ್ಪಾದಿಸುತ್ತಲೇ ಇರುವುದರಿಂದ ಮಧ್ಯಾಹ್ನದ ಅಳತೆ ಹತ್ತನ್ನೂ ದಾಟಬಹುದು. ಕತ್ತಲಾದ ಮೇಲೆ ಅದೇ ಪಾಚಿಯೂ ತಳದ ಕೊಳೆತವೂ ಸೇರಿ ಗಳಿಸಿದ್ದನ್ನೆಲ್ಲ ಉಸಿರಾಡಿ ಮುಗಿಸಿ, ಸೂರ್ಯೋದಯಕ್ಕೆ ಮುನ್ನ ಒಂದಕ್ಕಿಂತ ಕೆಳಗೆ ಇಳಿಸಬಹುದು. ಸರಾಸರಿ ತೆಗೆದರೆ ಕೆರೆ ತೇರ್ಗಡೆಯಾಗುತ್ತದೆ, ಮೀನು ಮಾತ್ರ ಸಾಯುತ್ತದೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಆಮ್ಲಜನಕದ ಕೊರತೆಯ ಮಾತು ನಗರದಲ್ಲೆಲ್ಲ ಕೇಳಿಬಂತು. ರಾಜ್ಯದ ಮಂಡಳಿಯವರು ತಿಂಗಳು ತಿಂಗಳೂ ಬೆಂಗಳೂರಿನ ಕೆರೆಗಳ ನೀರನ್ನು ಪರೀಕ್ಷಿಸಿ ದರ್ಜೆ ಕೊಡುತ್ತಿರುವುದು ಸ್ತುತ್ಯವಾದ ಕೆಲಸವೇ. ಆದರೆ ತಿಂಗಳಿಗೊಂದು ಸೀಸೆ ನೀರು ಕೆರೆಯ ಹಗಲಿರುಳಿನ ಏರಿಳಿತವನ್ನು ಹೇಳಲಾರದು.

ಇನ್ನು ಜೀವವೈವಿಧ್ಯದ ಲೆಕ್ಕ. ಎರಡು ಕೆರೆಗಳಲ್ಲಿ ತಲಾ ನೂರು ಹಕ್ಕಿ, ತಲಾ ಐದು ಜಾತಿ ಇವೆಯೆಂದುಕೊಳ್ಳಿ. ಒಂದರಲ್ಲಿ ಪ್ರತಿಯೊಂದು ಜಾತಿಯದೂ ಇಪ್ಪತ್ತು ಹಕ್ಕಿಗಳು. ಇನ್ನೊಂದರಲ್ಲಿ ತೊಂಬತ್ತಾರು ನೀರುಕಾಗೆಗಳು, ಮಿಕ್ಕ ನಾಲ್ಕು ಜಾತಿಗಳಿಗೆ ಒಂದೊಂದೇ. ಜಾತಿಗಳ ಪಟ್ಟಿಯಲ್ಲಿ ಎರಡೂ ಸಮಾನ. ತಂತಿ ಸಮಾಚಾರದ ಲೆಕ್ಕಕ್ಕಾಗಿ ಕ್ಲಾಡ್ ಶಾನನ್ 1948ರಲ್ಲಿ ರಚಿಸಿದ ಸೂತ್ರವನ್ನು ಪರಿಸರವಿಜ್ಞಾನಿಗಳು ಎರವಲು ಪಡೆದು, ಕಣ್ಣಿಗೆ ಬೀಳುವ ಮುಂದಿನ ಹಕ್ಕಿ ಯಾವುದೆಂಬ ನಮ್ಮ ಅನಿಶ್ಚಯವನ್ನೇ ವೈವಿಧ್ಯದ ಮಾನವನ್ನಾಗಿ ಮಾಡಿಕೊಂಡರು. ಆ ಮಾನದಲ್ಲಿ ಮೊದಲನೆಯ ಕೆರೆಗೆ 1.61 ಬಂದರೆ ಎರಡನೆಯದಕ್ಕೆ 0.22 ಬರುತ್ತದೆ, ಜಾತಿಗಳ ಭಾಷೆಗೆ ತಿರುಗಿಸಿ ಹೇಳುವುದಾದರೆ, ಮೊದಲನೆಯದು ನಿಜವಾಗಿಯೂ ಐದು ಜಾತಿಗಳ ಕೆರೆ, ಎರಡನೆಯದು ಹೆಚ್ಚೆಂದರೆ ಒಂದೂಕಾಲು ಜಾತಿಯದು. ಕೆರೆಯ ಅಂಚನ್ನೆಲ್ಲ ಕಡಿದು ಬಟ್ಟಲಿನಾಕಾರಕ್ಕೆ ತೋಡಿ, ಸುತ್ತಲೂ ಕಲ್ಲು ಕಟ್ಟಿ, ನಡಿಗೆಯ ಹಾದಿ ಹಾಕಿ ಅಭಿವೃದ್ಧಿಯಾಯಿತೆನ್ನುವಾಗ ಆಗುವ ನಷ್ಟ ಈ ಎರಡನೆಯ ಬಗೆಯದು. ಆಳದ ನೀರಿನಲ್ಲಿ ಮೀನು ಹಿಡಿಯುವ ಹೆಜ್ಜಾರ್ಲೆ, ನೀರುಕಾಗೆಗಳು ಉಳಿಯಬಹುದು. ಜೊಂಡಿನೊಳಗಿನ ಜಂಬುಕೋಳಿಗೂ ಕೆಸರಿನಂಚಿನಲ್ಲಿ ಕಾಲೂರಿ ಮೇಯುವ ಉಲ್ಲಂಕಿಗೂ ಅಲ್ಲಿ ಸ್ಥಳವಿಲ್ಲ.

ವೈವಿಧ್ಯ ಹೆಚ್ಚಿದಷ್ಟೂ ವ್ಯವಸ್ಥೆ ಸ್ಥಿರವೆಂಬ ನಂಬಿಕೆ ಬಹುಕಾಲ ನಿರ್ವಿವಾದವಾಗಿತ್ತು; ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ 1958ರಲ್ಲಿ ಅದನ್ನು ಪ್ರಬಲವಾಗಿ ಪ್ರತಿಪಾದಿಸಿದ್ದರು. ಭೌತವಿಜ್ಞಾನದಿಂದ ಬಂದ ಆಸ್ಟ್ರೇಲಿಯದ ರಾಬರ್ಟ್ ಮೇ 1972ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಎರಡೇ ಪುಟಗಳ ಲೇಖನ ಆ ನಂಬಿಕೆಯನ್ನು ಅಲುಗಾಡಿಸಿತು. ಜಾತಿಗಳ ಸಂಖ್ಯೆಯನ್ನು, ಅವುಗಳೊಳಗೆ ಸಾಧ್ಯವಿರುವ ಸಂಬಂಧಗಳಲ್ಲಿ ವಾಸ್ತವವಾಗಿ ಇರತಕ್ಕವುಗಳ ಪ್ರಮಾಣದಿಂದ ಗುಣಿಸಿ, ಅದರ ವರ್ಗಮೂಲವನ್ನು ಸಂಬಂಧಗಳ ಬಲದಿಂದ ಗುಣಿಸಿದಾಗ ಬರುವ ಫಲ ಒಂದನ್ನು ಮೀರಿತೆಂದರೆ, ಮನಬಂದಂತೆ ಹೆಣೆದ ವ್ಯವಸ್ಥೆ ಕುಸಿಯುವುದು ಬಹುಮಟ್ಟಿಗೆ ನಿಶ್ಚಿತವೆಂದು ಅವರು ತೋರಿಸಿದರು. ನೂರು ಜಾತಿಗಳಿದ್ದು ಹತ್ತರಲ್ಲೊಂದು ಸಂಬಂಧ ಮಾತ್ರ ನಿಜವಾಗಿದ್ದರೂ, ಸಂಬಂಧದ ಬಲ ಮೂರರಲ್ಲೊಂದು ಪಾಲಿಗಿಂತ ಕಡಿಮೆಯಿದ್ದರಷ್ಟೇ ಅದು ನಿಲ್ಲಬಲ್ಲದು. ಆದರೂ ಕಾಡುಗಳೂ ಕೆರೆಗಳೂ ನಿಂತೇ ಇವೆಯಲ್ಲ? ಪ್ರಕೃತಿಯ ಹೆಣಿಗೆ ಮನಬಂದಂತಿಲ್ಲವೆಂಬುದೇ ಇದಕ್ಕೆ ಉತ್ತರ: ಬಲವಾದ ಸಂಬಂಧಗಳು ಕೆಲವೇ, ದುರ್ಬಲವಾದವು ಅನೇಕ, ಗುಂಪುಗಳ ನಡುವೆ ಅಂತರವುಂಟು. ಆದಕಾರಣ ಎಷ್ಟು ಜೀವಿಗಳಿವೆಯೆಂಬ ಎಣಿಕೆಗಿಂತ ಅವು ಹೇಗೆ ಹೆಣೆದುಕೊಂಡಿವೆಯೆಂಬ ಅರಿವು ಹೆಚ್ಚು ಮುಖ್ಯವೆಂದಾಯಿತು.

ಈ ಹೆಣಿಗೆಗೆ ಹೊರಗಿನ ಬಲವಾದ ನೂಲೊಂದು ಬಂದು ಸೇರಿದಾಗ ಏನಾಗುತ್ತದೆಂಬುದನ್ನು ಬೆಳ್ಳಂದೂರು ಜಗತ್ತಿಗೇ ತೋರಿಸಿತು. ಆ ನೂಲೇ ರಂಜಕ. ಕೆನಡಾದ ಆಂಟೇರಿಯೋ ಪ್ರಾಂತದಲ್ಲಿ 1973ರಲ್ಲಿ ಡೇವಿಡ್ ಷಿಂಡ್ಲರ್ ಮತ್ತು ಸಂಗಡಿಗರು ಸರೋವರವೊಂದನ್ನು ಪರದೆಯಿಂದ ಎರಡು ಪಾಲು ಮಾಡಿ, ಒಂದು ಪಾಲಿಗೆ ಇಂಗಾಲ–ಸಾರಜನಕಗಳನ್ನೂ, ಇನ್ನೊಂದಕ್ಕೆ ಅವುಗಳ ಜೊತೆಗೆ ರಂಜಕವನ್ನೂ ಹಾಕಿದಾಗ, ರಂಜಕ ಸೇರಿದ ಪಾಲು ಮಾತ್ರ ಪಾಚಿಯಿಂದ ಹಸಿರಾಗಿತ್ತು. ನಮ್ಮ ಬಚ್ಚಲು, ಪಾಯಿಖಾನೆ, ಬಟ್ಟೆ ಒಗೆಯುವ ಪುಡಿಗಳಿಂದ ದಿನವೂ ಈ ಕಣಿವೆಗೆ ಇಳಿಯುವುದರಲ್ಲಿ ಆ ರಂಜಕ ಧಾರಾಳವಾಗಿದೆ. ಬೆಳ್ಳಂದೂರಿನಲ್ಲಿ ನೊರೆ ಬೆಟ್ಟಗಳಾಗಿ ಎದ್ದು ರಸ್ತೆಗೆ ಹಾರಿದ್ದನ್ನೂ, 2015ರಲ್ಲಿ, 2017ರಲ್ಲಿ, 2018ರಲ್ಲಿ ಕೆರೆಗೇ ಬೆಂಕಿ ಹತ್ತಿಕೊಂಡಿದ್ದನ್ನೂ ಕನ್ನಡಿಗರು ಮರೆತಿರಲಾರರು. ಇದಕ್ಕಿಂತಲೂ ಕಷ್ಟವಾದ ಸಂಗತಿಯೊಂದನ್ನು ನೆದರ್ಲೆಂಡ್ಸಿನ ಮಾರ್ಟನ್ ಸ್ಖೆಫರ್ ಆಳವಿಲ್ಲದ ಸರೋವರಗಳ ಅಧ್ಯಯನದಿಂದ ತಿಳಿಸಿಕೊಟ್ಟರು. ತಿಳಿನೀರಿನ ಸ್ಥಿತಿ, ಕಲಕುನೀರಿನ ಸ್ಥಿತಿ ಎರಡೂ ತಮ್ಮನ್ನು ತಾವೇ ಕಾಯ್ದುಕೊಳ್ಳುವಂಥವು. ಒಂದು ಮಿತಿಯನ್ನು ದಾಟಿ ಕೆರೆ ಎರಡನೆಯ ಸ್ಥಿತಿಗೆ ಉರುಳಿತೆಂದರೆ, ಕೊಳಚೆಯನ್ನು ಆ ಮಿತಿಯವರೆಗೆ ಮಾತ್ರ ತಗ್ಗಿಸಿದರೆ ಅದು ಹಿಂದಿರುಗದು, ಇನ್ನೂ ಬಹಳ ಕೆಳಕ್ಕೆ ತಗ್ಗಿಸಬೇಕು. ತಳದ ಹೂಳಿನಲ್ಲಿ ಕುಳಿತ ಹಳೆಯ ರಂಜಕ, ಆಮ್ಲಜನಕ ತೀರಿದಾಗಲೆಲ್ಲ ಮೇಲಕ್ಕೆ ಬಿಡುಗಡೆಯಾಗಿ, ನಿಂತುಹೋದ ಕೊಳಚೆಯ ಕೆಲಸವನ್ನು ತಾನೇ ಮುಂದುವರಿಸುತ್ತದೆ.

ಹಾಗಾದರೆ ಉರುಳುವ ಮುನ್ನವೇ ತಿಳಿಯುವ ಬಗೆಯುಂಟೆ? ಉಂಟು. ಮಿತಿಯ ಸಮೀಪಕ್ಕೆ ಬಂದ ವ್ಯವಸ್ಥೆ ಸಣ್ಣ ಆಘಾತದಿಂದಲೂ ಚೇತರಿಸಿಕೊಳ್ಳಲು ಮೊದಲಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ನಿನ್ನೆಯ ಸ್ಥಿತಿ ಇಂದಿನ ಮೇಲೆ ಹೆಚ್ಚು ಅಂಟಿಕೊಂಡಿರುತ್ತದೆ, ಏರಿಳಿತ ಅಗಲವಾಗುತ್ತದೆ. ಅಮೆರಿಕದ ಪೀಟರ್ ಸರೋವರಕ್ಕೆ ದೊಡ್ಡ ಬೇಟೆಮೀನುಗಳನ್ನು ಕ್ರಮೇಣ ಬಿಡುತ್ತ ಹೋದ ಸ್ಟೀಫನ್ ಕಾರ್ಪೆಂಟರ್ ಮತ್ತು ಸಂಗಡಿಗರು, ಆಹಾರಜಾಲ ಪೂರ್ತಿ ಮಗುಚಿಕೊಳ್ಳುವುದಕ್ಕೆ ವರ್ಷಕ್ಕೂ ಹೆಚ್ಚು ಮೊದಲೇ ಈ ಲಕ್ಷಣಗಳನ್ನು ಕಂಡುದಾಗಿ 2011ರಲ್ಲಿ ಪ್ರಕಟಿಸಿದರು. ಮಡಿವಾಳದಲ್ಲಿ ಒಂದು ಜೋರು ಮಳೆ ಕೊಳಚೆಯನ್ನು ಒಮ್ಮೆಲೇ ನೂಕಿದಾಗ, ಬೆಳಗಿನ ಜಾವದ ಆಮ್ಲಜನಕ ಮೊದಲಿನ ಮಟ್ಟಕ್ಕೆ ಮರಳಲು ಈ ವರ್ಷ ಎಷ್ಟು ದಿನ, ಹೋದ ವರ್ಷ ಎಷ್ಟು ದಿನ ಹಿಡಿಯಿತೆಂಬುದನ್ನು ಬರೆದಿಟ್ಟರೆ, ಕೆರೆಯ ಬಲಾಬಲವನ್ನು ಅದಕ್ಕಿಂತ ಚೆನ್ನಾಗಿ ಹೇಳುವ ಅಂಕಿ ನನಗೆ ತೋರದು.

ಆದರೆ ಆ ಕೆರೆ ಒಂಟಿಯಲ್ಲ. 2019ರ ನವೆಂಬರ್ 24ರಂದು ಅದರ ಮೇಲ್ಗಡೆಯ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿ, ತೂಬು, ರಾಜಕಾಲುವೆಗಳನ್ನು ಕಾಯುವವರೂ ವ್ಯವಸ್ಥೆಯ ಒಂದು ಅಂಗವೇ ಎಂಬುದು ಆ ದಿನ ಗೊತ್ತಾಯಿತು. ಹಿಂದಿನ ನೀರಗಂಟಿ, ಯಾವ ಕೆರೆಯ ತೂಬನ್ನು ಯಾವಾಗ ಎಷ್ಟು ಎತ್ತಬೇಕೆಂದು ತಿಳಿದವನು, ಅಚ್ಚುಕಟ್ಟು ಬಡಾವಣೆಯಾದೊಡನೆ ಇಲ್ಲವಾದನು. ಅವನ ಜಾಗಕ್ಕೆ ಹಲವು ಇಲಾಖೆಗಳು ಬಂದವು. ಸರಣಿ ಇಂದು ಪಿನಾಕಿನಿಯ ದಾರಿಯಲ್ಲಿಯೂ ಮುಗಿಯುವುದಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿಮಾಡಿ, ದಿನಕ್ಕೆ 440 ದಶಲಕ್ಷ ಲೀಟರಿನ ಗುರಿಯಿಟ್ಟುಕೊಂಡು, ಕೋಲಾರದ ಬರಡು ಕೆರೆಗಳಿಗೆ ಪಂಪು ಮಾಡುವ ಯೋಜನೆಯ ನೀರು 2018ರ ಜೂನಿನಲ್ಲಿ ಲಕ್ಷ್ಮೀಸಾಗರದ ಕೆರೆಯನ್ನು ಮುಟ್ಟಿತು. ದಶಕಗಳ ಬರದಿಂದ ಬಳಲಿದ ಜಿಲ್ಲೆಯಲ್ಲಿ ಬಾವಿಗಳಿಗೆ ನೀರು ಮರಳಿದ್ದು ರೈತರಿಗೆ ದೊಡ್ಡ ಆಸರೆ. ಮೂರನೆಯ ಹಂತದ ಶುದ್ಧೀಕರಣವಿಲ್ಲದ ಆ ನೀರಿನಲ್ಲಿ ರಂಜಕವೂ ಸಾರಜನಕವೂ ಜೊತೆಯಲ್ಲಿ ಹೋಗುವುದರಿಂದ, ಅಲ್ಲಿನವರು ಮೂರನೆಯ ಹಂತ ಬೇಕೆಂದು ಕೇಳುತ್ತಿರುವುದು ನ್ಯಾಯವಾದ ಬೇಡಿಕೆ. ಬೊಮ್ಮನಹಳ್ಳಿಯ ಕಡೆಯ ಕೆರೆಗಳ ಲೆಕ್ಕವನ್ನು ಬರೆಯುವವರು ಲಕ್ಷ್ಮೀಸಾಗರದ ನೀರನ್ನೂ, ಅದರ ಕೆಳಗಿನ ತೆರೆದ ಬಾವಿಗಳ ನೈಟ್ರೇಟನ್ನೂ ಅದೇ ಕಡತದಲ್ಲಿ, ಅದೇ ತಾರೀಖಿನ ಎದುರಿಗೆ ಬರೆಯತಕ್ಕದ್ದು.