ಅಟ್ಲಾಂಟಿಕ್ ಸಿಟಿಯ ಹಲಗೆ ಬೀದಿ

ಕಾಲಿಗೆ ಮೆತ್ತಿದ ಮರಳಿನ ಕಾಟದಿಂದ ಹುಟ್ಟಿದ ಬೀದಿ ಇದು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿಗೆ ರೈಲು ಬಂದದ್ದು 1854ರಲ್ಲಿ. ಬೇಸಿಗೆಯ ಸೆಕೆ ತಾಳಲಾರದ ಫಿಲಡೆಲ್ಫಿಯಾದ ಜನ ಕಡಲಿಗೆ ಬರತೊಡಗಿದರು. ಹಿಂದಿರುಗುವಾಗ ಹೋಟೆಲಿನ ಜಮಖಾನದ ಮೇಲೂ ರೈಲಿನ ಸೀಟುಗಳ ಮೇಲೂ ಮರಳು ಉದುರಿಸಿ ಹೋಗುತ್ತಿದ್ದರು. ರೈಲ್ವೆ ಕಂಡಕ್ಟರ್ ಅಲೆಕ್ಸಾಂಡರ್ ಬೋರ್ಡ್‌ಮನ್ ಮತ್ತು ಹೋಟೆಲ್ ಮಾಲೀಕ ಜೇಕಬ್ ಕೀಮ್ ಸೇರಿ ಊರಿನ ಆಡಳಿತವನ್ನು ಒಪ್ಪಿಸಿ, ಮರಳಿನ ಮೇಲೆ ಮರದ ಹಲಗೆ ಹಾಸಿಸಿದರು. 1870ರಲ್ಲಿ ಸಿದ್ಧವಾದ ಆ ಹಾದಿಯ ಉದ್ದ ಸುಮಾರು ಒಂದು ಮೈಲಿ. ಚಳಿಗಾಲದಲ್ಲಿ ಅದನ್ನು ಬಿಚ್ಚಿ ಎತ್ತಿಡುತ್ತಿದ್ದರು. ಅಮೆರಿಕದ ಮೊದಲ ಬೋರ್ಡ್‌ವಾಕ್ ಎಂಬ ಹೆಸರು ಅದಕ್ಕೇ ಸಂದಿದೆ. ಇಂದು ಪಕ್ಕದ ವೆಂಟ್ನರ್ ಪಟ್ಟಣವೂ ಸೇರಿ ಈ ಹಾದಿ 5 ಮೈಲಿಗೂ ಹೆಚ್ಚು ಉದ್ದವಿದೆ.

ಇಲ್ಲಿ ಬೆಳೆದವರಿಗೆ ವರ್ಷವೆಂದರೆ ಬೇಸಿಗೆ. ಮೇ ಕೊನೆಯ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇವರೆಗೆ ಊರು ದುಡಿಯಬೇಕು, ಉಳಿದ ತಿಂಗಳು ಆ ಗಳಿಕೆಯಲ್ಲೇ ಕಳೆಯಬೇಕು. ಮನೆಯ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟು ಹಿಂದಿನ ಮೂಲೆಯಲ್ಲಿ ಸಂಸಾರ ಸಾಗಿಸಿದವರಿದ್ದರು. ಶಾಲೆಗೆ ರಜೆ ಸಿಕ್ಕರೆ ಮಕ್ಕಳು ಅಂಗಡಿ, ಆಟದ ಮಳಿಗೆಗಳಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದರು. ಆ ಸುಗ್ಗಿಯನ್ನು ಇನ್ನೊಂದು ವಾರ ಹಿಗ್ಗಿಸಲು ವ್ಯಾಪಾರಿಗಳು 1921ರ ಸೆಪ್ಟೆಂಬರಿನಲ್ಲಿ ಶುರುಮಾಡಿದ ಸೌಂದರ್ಯ ಸ್ಪರ್ಧೆಯೇ ಮುಂದೆ ‘ಮಿಸ್ ಅಮೆರಿಕ’ ಆಯಿತು.

ಎಳೆದಷ್ಟೂ ಮೆದು

ಈ ಬೀದಿಯ ರುಚಿ ಸಾಲ್ಟ್ ವಾಟರ್ ಟ್ಯಾಫಿ. ಹೆಸರಿನಲ್ಲಿ ಉಪ್ಪುನೀರಿದ್ದರೂ ಅದಕ್ಕೆ ಕಡಲ ನೀರು ಹಾಕುವುದಿಲ್ಲ. ಸಕ್ಕರೆ, ಮೆಕ್ಕೆಜೋಳದ ಪಾಕ, ನೀರು, ಬೆಣ್ಣೆ, ಚಿಟಿಕೆ ಉಪ್ಪು ಸೇರಿಸಿ ಕುದಿಸಿ, ಆರಿದ ಮುದ್ದೆಯನ್ನು ಯಂತ್ರದ ತೋಳುಗಳಿಗೆ ಸಿಕ್ಕಿಸುತ್ತಾರೆ. ತೋಳುಗಳು ಎಳೆಯುತ್ತವೆ, ಮಡಚುತ್ತವೆ, ಮತ್ತೆ ಎಳೆಯುತ್ತವೆ. ಒಳಗೆ ಗಾಳಿ ಸೇರಿದಂತೆಲ್ಲ ಮುದ್ದೆಯ ಬಣ್ಣ ತಿಳಿಯಾಗಿ ರೇಷ್ಮೆಯ ಹೊಳಪು ಬರುತ್ತದೆ. ಬೆರಳುದ್ದ ಕತ್ತರಿಸಿ, ಮೇಣದ ಕಾಗದದಲ್ಲಿಟ್ಟು, ಎರಡೂ ತುದಿ ತಿರುಚಿದರೆ ಟ್ಯಾಫಿ ಸಿದ್ಧ. ಅಂಗಡಿಯ ಗಾಜಿಗೆ ಮೂಗೊತ್ತಿ ಇದನ್ನು ನೋಡುತ್ತ ನಿಲ್ಲದ ಮಗು ಆ ಊರಲ್ಲಿ ಇರಲಿಕ್ಕಿಲ್ಲ. ಜೋಸೆಫ್ ಫ್ರಾಲಿಂಜರ್ ಎಂಬ ವ್ಯಾಪಾರಿ ಇದನ್ನು ಒಂದು ಪೌಂಡಿನ ಪೆಟ್ಟಿಗೆಯಲ್ಲಿ ತುಂಬಿ ಮಾರಿದ. ಊರಿಗೆ ಹೋಗುವವರು ಕೈಯಲ್ಲಿ ಹಿಡಿದುಕೊಂಡು ಹೋಗುವ ತಿನಿಸಾಯಿತು.

ಕಡಲಿನೊಳಕ್ಕೆ ಚಾಚಿದ ‘ಸ್ಟೀಲ್ ಪಿಯರ್’ ಎಂಬ ಮನರಂಜನೆಯ ಕಟ್ಟೆ 1898ರದು. ಎತ್ತರದ ಅಟ್ಟಣೆಯಿಂದ ಕುದುರೆಯೊಂದು ಬೆನ್ನ ಮೇಲಿನ ಸವಾರಳೊಂದಿಗೆ ಕೆಳಗಿನ ಕೊಳಕ್ಕೆ ಧುಮುಕುವುದನ್ನು ನೋಡಲು ಅಲ್ಲಿ ಜನ ಕಿಕ್ಕಿರಿಯುತ್ತಿದ್ದರು. ಸವಾರಳಾದ ಸೊನೋರಾ ವೆಬ್‌ಸ್ಟರ್ ಕಾರ್ವರ್ 1931ರಲ್ಲಿ ಹೀಗೆ ಧುಮುಕಿದಾಗ ಕಣ್ಣು ಕಳೆದುಕೊಂಡರು. ಆಮೇಲೂ ವರ್ಷಗಟ್ಟಲೆ ಧುಮುಕುತ್ತಲೇ ಇದ್ದರು. ಪ್ರಾಣಿದಯೆಯ ಕೂಗು ಬಲವಾಗಿ 1970ರ ದಶಕದಲ್ಲಿ ಈ ಆಟ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು.

ಎಲ್ಲರ ಬಾಲ್ಯ ಒಂದೇ ಆಗಿರಲಿಲ್ಲ

ಸಿಹಿ ನೆನಪುಗಳ ನಡುವೆ ಇದನ್ನೂ ಹೇಳಲೇಬೇಕು. ಬೆತ್ತದ ಗಾಲಿಕುರ್ಚಿಗಳಲ್ಲಿ ಕುಳಿತು ಗಾಳಿ ಸೇವಿಸುತ್ತಿದ್ದವರು ಬಿಳಿಯರು, ಅವನ್ನು ತಳ್ಳುತ್ತಿದ್ದವರು ಬಹುಪಾಲು ಕಪ್ಪುಜನ. ದಶಕಗಳ ಕಾಲ ಕಪ್ಪು ಕುಟುಂಬಗಳು ಮಿಸೌರಿ ಅವೆನ್ಯೂ ಎದುರಿನ ದಂಡೆಯಲ್ಲಿ ಮಾತ್ರ ಕಡಲಿಗಿಳಿಯಬೇಕಿತ್ತು. ‘ಚಿಕನ್ ಬೋನ್ ಬೀಚ್’ ಎಂದು ಕರೆಸಿಕೊಂಡ ಆ ತುಂಡು ಮರಳಿನಲ್ಲೂ ಮಕ್ಕಳು ಆಡಿ ಬೆಳೆದರು. ಕೆಂಟಕಿ ಅವೆನ್ಯೂದ ಕ್ಲಬ್ ಹಾರ್ಲೆಮ್‌ನ ಸಂಗೀತ ಕೇಳಲು ದೊಡ್ಡ ಹೋಟೆಲುಗಳ ಬಿಳಿಯ ಅತಿಥಿಗಳೂ ಬರುತ್ತಿದ್ದರು.

1935ರಿಂದ ಪಾರ್ಕರ್ ಬ್ರದರ್ಸ್ ಮಾರಿದ ‘ಮೊನಾಪಲಿ’ ಆಟದ ಬೀದಿಗಳು ಬಹುಪಾಲು ಈ ಊರಿನವೇ. ಅದರಲ್ಲಿ ಅತಿ ದುಬಾರಿ ಮನೆ ಬೋರ್ಡ್‌ವಾಕ್. ನಮ್ಮಲ್ಲಿ ಮಕ್ಕಳು ಬೇಸಿಗೆ ರಜೆಯಲ್ಲಿ ಆಡುವ ‘ಬಿಸಿನೆಸ್’ ಅದೇ ಆಟದ ಪಡಿಯಚ್ಚು.

ವಿಮಾನಗಳು ಪ್ರವಾಸಿಗರನ್ನು ಫ್ಲಾರಿಡಾದತ್ತ ಒಯ್ದ ಮೇಲೆ ಊರು ಬಡವಾಯಿತು. 1976ರ ಜನಮತದಿಂದ ಕ್ಯಾಸಿನೊಗಳಿಗೆ ಅನುಮತಿ ಸಿಕ್ಕಿತು, 1978ರಲ್ಲಿ ಮೊದಲನೆಯದು ತೆರೆಯಿತು. ಕೆಲಸಗಳು ಬಂದವು, ನಿಜ. ಆದರೆ ಒಳಗೆ ಹೋದವರು ಕಡಲನ್ನೇ ಮರೆತರು, ಬೀದಿಯ ಸಣ್ಣ ಅಂಗಡಿಗಳು ಸೊರಗಿದವು. 2014ರ ಒಂದೇ ವರ್ಷದಲ್ಲಿ 4 ಕ್ಯಾಸಿನೊಗಳು ಬಾಗಿಲು ಹಾಕಿದವು. ಹಲಗೆ ಬೀದಿ ಮಾತ್ರ ಉಳಿದುಕೊಂಡಿದೆ. ಊರನ್ನು ಕಟ್ಟಿದ್ದು ಅದು, ಸಾಕಬಲ್ಲದ್ದೂ ಅದೇ ಎಂಬುದು ನನ್ನ ನಂಬಿಕೆ.

ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ 2016ರ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಇದೇ ಊರಿನಲ್ಲಿ. ನ್ಯೂಜೆರ್ಸಿಯ ಕನ್ನಡಿಗರಿಗೂ, ಅಲ್ಲಿ ಮಕ್ಕಳ ಮನೆಗೆ ಹೋಗುವ ಅಪ್ಪ-ಅಮ್ಮಂದಿರಿಗೂ ಇದು ದೂರದ ಜಾಗವಲ್ಲ. ಸುತ್ತಲಿನ ಅನೇಕ ಪಟ್ಟಣಗಳ ಕಡಲತೀರಕ್ಕೆ ಬೇಸಿಗೆಯಲ್ಲಿ ಹಣ ಕೊಡಬೇಕು, ಇಲ್ಲಿ ಕೊಡಬೇಕಿಲ್ಲ. ಹೋದರೆ ಕ್ಯಾಸಿನೊದೊಳಗೆ ದಿನ ಕಳೆಯಬೇಡಿ. ಮೊಮ್ಮಕ್ಕಳ ಕೈಹಿಡಿದು ಬೆಳಗಿನ ಹೊತ್ತು ಹಲಗೆಗಳ ಮೇಲೆ ನಡೆಯಿರಿ, ಒಂದು ಪೆಟ್ಟಿಗೆ ಟ್ಯಾಫಿ ಕೊಳ್ಳಿರಿ.